ಕೋಲು ಓಡಿಹೋಗೋದಿಲ್ಲ ಸಾರ್

ಕೈ ನೋವಿನಲ್ಲೂ ಮೇಲು ಕೀಳು ಅಂತ ಇದೆ. ಗ್ಯಾಸ್ ಸಿಲಿಂಡರ್ ಎಳೆದು ಬಂದ ನೋವಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ. "ಉರುಳಿಸಿ ಅಂದ್ರೆ ಎತ್ತೋಕೆ ಹೋಗ್ತೀರಿ" ಎಂಬ ಒಂದು ಮಾತಿಗೆ ಅದರ ಚಿಕಿತ್ಸೆ ಮುಗಿಯುತ್ತದೆ. ಪಕ್ಕದ ಬೀದಿ ಹುಡುಗರ ಜೊತೆ ಕ್ರಿಕೆಟ್ ಆಡಿ ಬಂದ ನೋವಾದರೆ "ಈ ವಯಸ್ಸಿಗೆ ಬೇಕಿತ್ತಾ?" ಎನ್ನುತ್ತಾರೆ. ಗಾಲ್ಫ್ ಆಡಿ ಬಂದ ನೋವಿನ ಗತ್ತೇ ಬೇರೆ. ಅದನ್ನು ಮದುವೆ ಮನೆಯಲ್ಲಿ ಹೇಳಿಕೊಳ್ಳಬಹುದು. ಯಾರಾದರೂ ಕೇಳಲಿ ಎಂದೇ ನಾನು ಅರ್ಧ ತೋಳಿನ ಶರ್ಟು ಹಾಕಿಕೊಂಡು, ಬ್ಯಾಂಡೇಜು ಸುತ್ತಿದ ಎಡಗೈಯನ್ನು ಊಟದೆಲೆಯ ಪಕ್ಕ ಎದ್ದು ಕಾಣುವಂತೆ ಇಟ್ಟುಕೊಂಡು ಕೂರುತ್ತಿದ್ದೆ. "ಏನ್ ಸ್ವಾಮಿ ಕೈಗೆ?" ಎಂದರೆ "ಏನಿಲ್ಲ, ಗಾಲ್ಫು" ಎನ್ನಬೇಕು, ಅಷ್ಟೇ. ಉಳಿದದ್ದನ್ನು ಕೇಳಿದವರೇ ಕಲ್ಪಿಸಿಕೊಳ್ಳುತ್ತಾರೆ: ಕಣ್ಣು ಹಾಯುವಷ್ಟೂ ಹಸಿರು, ಬ್ಯಾಟರಿ ಗಾಡಿ, ಪಕ್ಕದಲ್ಲಿ ಒಬ್ಬ ಕೈಗಾರಿಕೋದ್ಯಮಿ. ನಾನು ಚೆಂಡು ಹೊಡೆಯುವುದು ಊರಾಚೆಯ ಡ್ರೈವಿಂಗ್ ರೇಂಜಿನಲ್ಲಿ, ಬಕೆಟ್ ಲೆಕ್ಕದಲ್ಲಿ ಚೆಂಡು ತೆಗೆದುಕೊಂಡು, ಸಿಮೆಂಟಿನ ಮೇಲೆ ಹಾಸಿದ ಪ್ಲಾಸ್ಟಿಕ್ ಹುಲ್ಲಿನ ಮ್ಯಾಟಿನ ಮೇಲೆ ನಿಂತು ಎಂಬುದನ್ನು ಅವರಿಗೆ ಬಿಡಿಸಿ ಹೇಳುವ ಅಗತ್ಯ ನನಗೆಂದೂ ಕಂಡಿಲ್ಲ.

ಈ ಚಟ ಅಂಟಿಸಿದ್ದು ನಮ್ಮ ಅಳಿಯ. ಕಂಪನಿಯವರು ಅವನನ್ನು ಸಿಂಗಪುರಕ್ಕೆ ಕಳಿಸಿದಾಗ, ತಾನೂ ಇನ್ಯಾರಿಂದಲೋ ಕೊಂಡಿದ್ದ ಹಳೆಯ ಗಾಲ್ಫ್ ಸೆಟ್ಟನ್ನು "ಮಾವ, ಅಟ್ಟದ ಮೇಲೆ ಇಟ್ಟಿರಿ" ಎಂದು ಬಿಟ್ಟುಹೋದ. ಅಟ್ಟಕ್ಕೆ ಏರಿಸಲೆಂದು ಕೈಗೆತ್ತಿಕೊಂಡ ನಾನು ಏರಿಸಲೇ ಇಲ್ಲ.

ಮನೆಯ ಒಪ್ಪಿಗೆ ಸಿಕ್ಕಿದ್ದು ಅತ್ತೆಯವರ ಕಡೆಯಿಂದ. ಅವರಿಗೆ ಗಾಲ್ಫಿನ ಪರಿಚಯವಾದದ್ದು 2021ರ ಆಗಸ್ಟಿನಲ್ಲಿ. ಟೋಕಿಯೋ ಒಲಿಂಪಿಕ್ಸಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕೊನೆಯ ದಿನದವರೆಗೂ ಪದಕದ ಆಸೆ ಹುಟ್ಟಿಸಿ, ಕೂದಲೆಳೆಯಲ್ಲಿ ತಪ್ಪಿ, ನಾಲ್ಕನೆಯ ಸ್ಥಾನದಲ್ಲಿ ನಿಂತರಲ್ಲ, ಆ ಶನಿವಾರ ಬೆಳಿಗ್ಗೆ ಬರ್ಡಿ ಯಾವುದು ಬೋಗಿ ಯಾವುದು ಗೊತ್ತಿಲ್ಲದ ಮನೆಗಳೆಲ್ಲ ಟಿವಿ ಮುಂದೆ ಕೂತಿದ್ದವು. ಅತ್ತೆಯವರ ಗಮನವೆಲ್ಲ ಚೀಲದ ಮೇಲೆ. ಅದಿತಿಗೆ ಅಲ್ಲಿ ಕ್ಯಾಡಿಯಾಗಿದ್ದದ್ದು ಅವರ ತಾಯಿ. "ಪಾಪ, ಅಷ್ಟು ದೊಡ್ಡ ಚೀಲ ಹೆತ್ತಮ್ಮನ ಹೆಗಲಿಗೆ ಹಾಕಿದೆಯಲ್ಲೇ ಈ ಮಗು!" ಎಂದು ಕೊನೆಯ ಹೋಲಿನವರೆಗೂ ನೊಂದುಕೊಂಡರು. ನನ್ನ ವಿಷಯ ಬಂದಾಗ ಅವರು ಹಾಕಿದ ಷರತ್ತು ಒಂದೇ: "ಅಳಿಯಂದ್ರು ಬೇಕಾದ್ರೆ ಆಡ್ಲಿ. ಚೀಲ ಮಾತ್ರ ನನ್ನ ಮಗಳು ಹೊರೋದಿಲ್ಲ."

ಬೆಂಗಳೂರಿಗೆ ಗಾಲ್ಫ್ ಹೊಸದೇನಲ್ಲ. ಹೈಗ್ರೌಂಡ್ಸಿನ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಅದಕ್ಕೂ ನಮ್ಮ ವಂಶಕ್ಕೂ ಇರುವ ಸಂಬಂಧ ಬೇಲಿಯಾಚೆಯದು, ಬಸ್ಸಿನೊಳಗಿಂದ ಬಗ್ಗಿ ನೋಡಿದ್ದು. ಬಗ್ಗಿ ಎಂದೆ, ಏಕೆಂದರೆ ಕೂರಲು ಸೀಟು ಸಿಕ್ಕಿದ್ದು ಕಡಿಮೆ. ನನ್ನ ಸರ್ವೀಸೆಲ್ಲ ಮೊದಲು ಬಿಟಿಎಸ್, ಆಮೇಲೆ ಬಿಎಂಟಿಸಿಯಲ್ಲಿ ನಿಂತೇ ಕಳೆಯಿತು. ಹಾಗಾಗಿ ನನ್ನ ಕೈಗೆ ಗೊತ್ತಿದ್ದ ಹಿಡಿತ ಒಂದೇ, ಬಸ್ಸಿನ ಮೇಲುಗಂಬಿಯದು. ಕಂಬಿಯನ್ನು ಅಂಗೈಯ ನಟ್ಟನಡುವೆ ಇಟ್ಟು, ಐದೂ ಬೆರಳು ಸುತ್ತಿ, ಜೀವ ಹೋದರೂ ಬಿಡಬಾರದು. ಬಿಟ್ಟರೆ ಮುಂದಿನ ಸೀಟಿನವರ ಮಡಿಲು. ಗಾಲ್ಫ್ ಕ್ಲಬ್ಬನ್ನೂ ಹಾಗೆಯೇ ಹಿಡಿದೆ. ಅದನ್ನು ಹಿಡಿಯುವುದಕ್ಕೂ ಶಾಸ್ತ್ರವಿದೆಯೆಂದು ಯಾರು ಕಂಡಿದ್ದರು!

ನೋವು ಸಾಲಾಗಿ ಬಂತು. ಮೊದಲು ಎಡ ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಗೆ. ಆಮೇಲೆ ಹೆಬ್ಬೆರಳ ಬುಡಕ್ಕೆ. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬಾರದು, ಕಟ್ಟಿದರೆ ಬಿಚ್ಚಲು ಬಾರದು. ಅತ್ತೆಯವರು ಮಹಾನಾರಾಯಣ ತೈಲ ಹಚ್ಚಿಸಿ, ಹರಳುಪ್ಪನ್ನು ಬಾಣಲೆಯಲ್ಲಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡಿಸಿದರು. ಮಗಳು ಸಿಂಗಪುರದಿಂದ ವಿಡಿಯೋ ಕಾಲ್ ಮಾಡಿ "ಅಪ್ಪನ ಕೈಲಿ ಏನೂ ಮಾಡಿಸಬೇಡಮ್ಮ" ಎಂದು ಅಪ್ಪಣೆ ಕೊಟ್ಟಳು. ಸಿಲಿಂಡರು ಉರುಳಿಸುವುದು ಕಾವಲುಗಾರನ ಪಾಲಾಯಿತು. ಉಪ್ಪಿನಕಾಯಿ ಜಾಡಿ ತೆರೆಯುವುದು, ಬಕೆಟ್ ಎತ್ತುವುದು, ಒದ್ದೆ ಬೆಡ್‌ಶೀಟು ಹಿಂಡುವುದು, ಮುಖ್ಯವಾಗಿ ಭಾನುವಾರ ಬೆಳಿಗ್ಗೆ ಕಾಯಿ ತುರಿಯುವುದು, ಎಲ್ಲದರಿಂದಲೂ ನನಗೆ ಬಿಡುಗಡೆ. ಮಿಕ್ಸಿಯಲ್ಲಿ ತಿರುವಿದ ಕಾಯಿಗೂ ಈಳಿಗೆಮಣೆಯಲ್ಲಿ ತುರಿದ ಕಾಯಿಗೂ ಇರುವ ವ್ಯತ್ಯಾಸವನ್ನು ಅತ್ತೆಯವರು ಕಣ್ಣು ಮುಚ್ಚಿಕೊಂಡು ಹೇಳಬಲ್ಲರು. ಆದ್ದರಿಂದ ಆ ಮಣೆಗೆ ನಮ್ಮ ಮನೆಯಲ್ಲಿ ನಿವೃತ್ತಿಯಿಲ್ಲ. ನನಗೆ ಮಾತ್ರ ಸಿಕ್ಕಿತು.

ಇಂಥ ಸುಖದ ಕಾಲದಲ್ಲಿ ರೇಂಜಿಗೆ ಹೊಸ ಕೋಚ್ ಬಂದ.

ಚಿಕ್ಕವನಿದ್ದಾಗ ಕ್ಯಾಡಿಯಾಗಿ ಚೀಲ ಹೊತ್ತು, ಹೊತ್ತ ಚೀಲದ ಯಜಮಾನರ ತಪ್ಪುಗಳನ್ನೆಲ್ಲ ನೋಡಿ ಆಟ ಕಲಿತವನು. ಬೆಂಗಳೂರಿನಲ್ಲಿ ಇದು ದೊಡ್ಡ ಪರಂಪರೆ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಕೂಡ ಕ್ಯಾಡಿಯಾಗಿ ಶುರುಮಾಡಿದವರೇ. ಈ ಹುಡುಗ ನನ್ನ ಸ್ವಿಂಗ್ ನೋಡಲಿಲ್ಲ, ಚೆಂಡು ಎಲ್ಲಿಗೆ ಹೋಯಿತು ಅಂತಲೂ ನೋಡಲಿಲ್ಲ (ನೋಡುವಂಥ ದೂರಕ್ಕೆ ಅದು ಹೋಗಿರಲೂ ಇಲ್ಲ). "ಸಾರ್, ಗ್ಲೌಸ್ ಬಿಚ್ಚಿ ಕೊಡಿ" ಎಂದ. ಎಡಗೈಯ ಗ್ಲೌಸು. ಅಂಗೈಯ ಬುಡದಲ್ಲಿ, ಸರಿಯಾಗಿ ನನ್ನ ನೋವಿದ್ದ ಜಾಗದಲ್ಲಿ, ಎಂಟಾಣೆಯಷ್ಟು ತೂತು. ಅದರೊಳಗಿಂದ ಬೆರಳು ತೂರಿಸಿ ನನ್ನನ್ನೇ ತೋರಿಸುತ್ತಾ "ಅಂಗೈಯಲ್ಲಿ ಹಿಡೀತಿದೀರಿ. ಬೆರಳಲ್ಲಿ ಹಿಡೀಬೇಕು" ಎಂದ.

ಆಮೇಲೆ ನನ್ನ ಎಡಗೈಯನ್ನು ತನ್ನ ಕೈಗೆ ತೆಗೆದುಕೊಂಡು, ಬಳೆಗಾರ ಬಳೆ ತೊಡಿಸುವಾಗ ಮಾಡುವಂತೆ ಒಂದೊಂದೇ ಬೆರಳನ್ನು ಬಿಡಿಸಿ, ಕ್ಲಬ್ಬಿನ ಹಿಡಿಯನ್ನು ಕಿರುಬೆರಳ ಬುಡದಿಂದ ತೋರುಬೆರಳ ನಡುಗೆಣ್ಣಿನವರೆಗೆ ಓರೆಯಾಗಿ ಮಲಗಿಸಿದ. ಅಂಗೈಯ ಬುಡದ ಮಾಂಸಲ ದಿಂಡು ಹಿಡಿಯ ಮೇಲೆ ಕೂರಬೇಕು, ಹಿಡಿಯ ತುದಿ ಅದಕ್ಕೆ ಚುಚ್ಚಬಾರದು. ಹೆಬ್ಬೆರಳು ನೇರ ಮಧ್ಯಕ್ಕಲ್ಲ, ಒಂದು ಕೂದಲು ಬಲಕ್ಕೆ. ಅದನ್ನು ಉದ್ದಕ್ಕೆ ಚಾಚಿ ಒತ್ತಬಾರದು. ಮೇಲಿಂದ ಬಗ್ಗಿ ನೋಡಿದರೆ ಎಡಗೈಯ ಎರಡು ಗೆಣ್ಣು ಕಾಣಬೇಕು, ಬೇಕಾದರೆ ಮೂರನೆಯದೂ ಇಣುಕಬಹುದು. ಬಲಗೈ ಕೆಳಗೆ ಬಂದು ಎಡ ಹೆಬ್ಬೆರಳನ್ನು ಅಂಗೈಯ ಮಡಿಕೆಯಲ್ಲಿ ಮುಚ್ಚಿಕೊಳ್ಳಬೇಕು. ಬಲಗಿರುಬೆರಳು ಎಡಗೈಯ ತೋರುಬೆರಳು ಮತ್ತು ಮಧ್ಯದ ಬೆರಳಿನ ನಡುವಿನ ಸಂದಿನ ಮೇಲೆ ಸುಮ್ಮನೆ ಕೂರಬೇಕು. ಇನ್ನು ಒತ್ತಡ. ಅದಿರುವುದು ಎಡಗೈಯ ಕೊನೆಯ ಮೂರು ಬೆರಳಿಗೆ, ಬಲಗೈಯ ನಡುವಿನ ಎರಡಕ್ಕೆ. ಹೆಬ್ಬೆರಳು ತೋರುಬೆರಳುಗಳು ಸುಮ್ಮನೆ ಜೊತೆಗಿರಬೇಕು. ಅಂದರೆ ಮನೆಯಲ್ಲಿ ನಾನಿರುವ ಹಾಗೆ.

ಹಿಡಿದುಕೊಂಡೆ. ನನ್ನ ಮೊಣಕೈ ಕೆಳಗಿನ ನರಗಳೆಲ್ಲ ಎದ್ದು ನಿಂತದ್ದನ್ನು ನೋಡಿ ಕೋಚ್ ನಕ್ಕುಬಿಟ್ಟ. "ಸಾರ್, ಕೋಲು ಓಡಿಹೋಗೋದಿಲ್ಲ. ಹತ್ತರಲ್ಲಿ ನಾಲ್ಕು ಸಾಕು." ಅಮೆರಿಕದ ದಿಗ್ಗಜ ಸ್ಯಾಮ್ ಸ್ನೀಡ್ ಇದೇ ಮಾತನ್ನು ಇನ್ನೂ ನಯವಾಗಿ ಹೇಳುತ್ತಿದ್ದರಂತೆ: ಕೈಯಲ್ಲಿ ಹಕ್ಕಿಮರಿ ಇದೆ ಎಂದುಕೊಂಡು ಹಿಡಿಯಬೇಕು. ನನ್ನ ಕೈಯಲ್ಲಿ ಆ ಮರಿ ಮೊದಲ ಬಕೆಟ್ ಮುಗಿಯುವ ಮೊದಲೇ ಶಿವಾ ಎಂದಿರುತ್ತಿತ್ತು. ಬಿಗಿ ಹಿಡಿದಷ್ಟೂ ಚೆಂಡು ದೂರ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಆಗುವುದು ತಿರುಗಾಮುರುಗ. ಹಿಡಿತ ಬಿಗಿದರೆ ಮುಂಗೈಯ ಸ್ನಾಯು ಬಿಗಿಯುತ್ತದೆ, ಮಣಿಕಟ್ಟು ಮಡಿಯುವುದಿಲ್ಲ, ಕ್ಲಬ್ಬಿಗೆ ವೇಗ ಬರುವುದಿಲ್ಲ. ಚೆಂಡಿನ ಬದಲು ಮ್ಯಾಟಿಗೆ ಬಿದ್ದ ಏಟಿನ ಅದುರು ಮಾತ್ರ ಎಲ್ಲೂ ಸೋರದೆ ನೇರ ಕೈಗೆ, ಮೊಣಕೈಗೆ. ಹುಲ್ಲಾದರೆ ಮಣ್ಣು ಕಿತ್ತು ಬಂದು ಏಟು ಅಲ್ಲೇ ಸಾಯುತ್ತದೆ. ಪ್ಲಾಸ್ಟಿಕ್ಕಿನಡಿಯ ಸಿಮೆಂಟು ಯಾರಿಗೂ ಜಗ್ಗುವುದಿಲ್ಲ.

ಮನೆಗೆ ಬಂದು ಈ ಜ್ಞಾನವನ್ನು ಹಂಚಿದೆ. ಹೆಂಡತಿ ಹುರುಳಿಕಾಯಿಯ ನಾರು ತೆಗೆಯುತ್ತಾ, ತಲೆಯೆತ್ತದೆ, "ನಿಮ್ಮ ಕೈ ಬಿಗಿ ಅಂತ ಮದುವೆಯಾದಾಗಿನಿಂದ ಹೇಳ್ತಿದೀನಿ. ಅದಕ್ಕೆ ಕೋಚಿಗೆ ಬೇರೆ ದುಡ್ಡು ಕೊಟ್ರಾ?" ಎಂದಳು.

ಮುಂದಿನ ತೊಡಕು ಉಂಗುರದ್ದು. ನನ್ನ ಬಲಗೈ ಉಂಗುರ ಬೆರಳಿನಲ್ಲಿ ಕುಜನಿಗೆಂದು ಅತ್ತೆಯವರು ಮಾಡಿಸಿ ಹಾಕಿಸಿದ ಹವಳವಿದೆ. ಬಲಗೈಯಲ್ಲಿ ಒತ್ತಡ ಹೊರುವ ಎರಡು ಬೆರಳಲ್ಲಿ ಅದೂ ಒಂದು. ಪ್ರತಿ ಏಟಿಗೂ ಉಂಗುರದ ಬಳೆ ಬೆರಳ ಬುಡವನ್ನು ಹಿಡಿಗೆ ಒತ್ತಿ ಅರೆಯುತ್ತಿತ್ತು. ಕೋಚ್ ತೆಗೆಯಿರಿ ಎಂದ. ಅತ್ತೆಯವರು ತೆಗೆಯಕೂಡದು ಎಂದರು. "ಕುಜ ಅಂದ್ರೆ ಹುಡುಗಾಟ ಅಲ್ಲ. ಗಾಲ್ಫಿಗೆ ಹೋದಾಗ ಕುಜ ಹೊರಗಡೆ ಕಾಯ್ತಿರ್ತಾನಾ?" ಕಡೆಗೆ, ಬೀಗದ ಕೈ ಕಟ್ಟಿಕೊಳ್ಳುವ ಹಾಗೆ ಉಂಗುರವನ್ನು ಜನಿವಾರಕ್ಕೆ ಕಟ್ಟಿಕೊಂಡು ಆಡಬಹುದೆಂದು ತೀರ್ಮಾನವಾಯಿತು. ಡ್ರೈವರ್ ಬೀಸಿದಾಗಲೆಲ್ಲ ಹವಳ ಪಕ್ಕೆಗೆ ಬಡಿದು ಕುಜನ ಇರವನ್ನು ನೆನಪಿಸುತ್ತದೆ.

ಈ ಕಿರುಬೆರಳ ವಿಚಾರದಲ್ಲೂ ಪಂಥಗಳಿವೆ. ನನಗೆ ಕಲಿಸಿದ ಹಿಡಿತಕ್ಕೆ ಹ್ಯಾರಿ ವಾರ್ಡನ್ ಹೆಸರಿದೆ. ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದವನು, 1896ರಿಂದ 1914ರೊಳಗೆ ಆರು ಸಲ ಓಪನ್ ಚಾಂಪಿಯನ್‌ಷಿಪ್ ಗೆದ್ದವನು, ಆ ದಾಖಲೆ ಇನ್ನೂ ಮುರಿದಿಲ್ಲ. ಸ್ಕಾಟ್ಲೆಂಡಿನ ಜಾನಿ ಲೇಡ್ಲೆ ಅವನಿಗಿಂತ ಮೊದಲೇ ಹಾಗೆ ಹಿಡಿಯುತ್ತಿದ್ದ. ಹೆಸರು ಮಾತ್ರ ವಾರ್ಡನ್ನನಿಗೆ ಹೋಯಿತು, ಅಡುಗೆ ಒಬ್ಬರದು ಬಡಿಸಿದವರ ಹೆಸರು ಅನ್ನುತ್ತಾರಲ್ಲ, ಹಾಗೆ. ವಾರ್ಡನ್ನನದು ದೊಡ್ಡ ಕೈ. ಜಗತ್ತಿಗೆ ಹಿಡಿತ ಕಲಿಸಿದ ಆ ಕೈಗೇ ಮುಂದೆ ಹೋಲಿನ ಹತ್ತಿರ ಪಟ್ ಮಾಡುವಾಗ ನಡುಕ ಬರುತ್ತಿತ್ತಂತೆ ಎಂಬುದನ್ನು ಓದಿ ನನಗೆ ಅವನ ಮೇಲೆ ವಿಶ್ವಾಸ ಹೆಚ್ಚಿತು. ಜಾಕ್ ನಿಕ್ಲಸ್, ಟೈಗರ್ ವುಡ್ಸ್ ಬೇರೆ ಪಂಥದವರು. ಬಲಗಿರುಬೆರಳನ್ನು ಎಡ ತೋರುಬೆರಳಿಗೆ ಕೊಂಡಿ ಹಾಕುತ್ತಾರೆ. ಗಿಡ್ಡ ಬೆರಳಿನವರಿಗೆ ಅದೇ ಸುಲಭವೆಂದು ಕೇಳಿ ನಾನೂ ಹಾಕಿ ನೋಡಿದೆ. ಬೆರಳನ್ನು ಬುಡದವರೆಗೂ ತುರುಕಿ, ಬಿಡಿಸಿಕೊಳ್ಳುವಷ್ಟರಲ್ಲಿ ಪಕ್ಕದವರ ಬಕೆಟ್ ಖಾಲಿಯಾಯಿತು. ಕೀಲು ಊತ ಇರುವವರಿಗೆ ಮೂರನೆಯ ದಾರಿಯಿದೆ: ಹತ್ತು ಬೆರಳನ್ನೂ ಹಿಡಿಯ ಮೇಲೇ ಇಟ್ಟು, ಬೇಸ್‌ಬಾಲ್ ದಾಂಡು ಹಿಡಿದಂತೆ. ಅದರಲ್ಲಿ ಅವಮಾನವೇನಿಲ್ಲ ಎಂದು ಕೋಚ್ ಸಮಾಧಾನ ಹೇಳಿದ. ಅವಮಾನದ ಮಾತೆತ್ತಿದ್ದು ಅವನೇ.

ಹಿಡಿಗಳದ್ದೂ ತಪ್ಪಿತ್ತು. ಅಳಿಯ ಬಿಟ್ಟುಹೋದ ಸೆಟ್ಟಿನ ರಬ್ಬರು ಸವೆದು ಕನ್ನಡಿಯಾಗಿತ್ತು. ಜಾರುವ ಹಿಡಿಯನ್ನು ಯಾರೂ ಸಡಿಲವಾಗಿ ಹಿಡಿಯಲಾರರು. ಸಾಲದ್ದಕ್ಕೆ ಅವು ನನ್ನ ಕೈಗೆ ಸಪೂರ. ಎಡಗೈಯಲ್ಲಿ ಹಿಡಿದಾಗ ನಡುವಿನೆರಡು ಬೆರಳ ತುದಿ ಹೆಬ್ಬೆರಳ ಬುಡದ ದಿಂಡನ್ನು ಸುಮ್ಮನೆ ಮುಟ್ಟಬೇಕಂತೆ. ನನ್ನ ಉಗುರು ಅಂಗೈಗೇ ನಾಟುತ್ತಿತ್ತು. ಹೊಸ ದಪ್ಪ ಹಿಡಿ ಹಾಕಿಸಲು ಅಂಗಡಿಯವರು ಒಂದೊಂದಕ್ಕೆ ಹೇಳಿದ ಬೆಲೆಯನ್ನು ನಿಯಮದ ಪ್ರಕಾರ ಚೀಲದಲ್ಲಿರಬಹುದಾದ 14 ಕ್ಲಬ್ಬಿಗೆ ಗುಣಿಸಿದಾಗ, ಹೆಂಡತಿ ಹೇಳಿದ ಕಾಯಿಲೆ ಮರುಕಳಿಸಿತು. ಹೆಚ್ಚು ಬಳಸುವ ನಾಲ್ಕಕ್ಕೆ ಮಾತ್ರ ಹಾಕಿಸಿ, ಉಳಿದವನ್ನು ಕೋಚ್ ಹೇಳಿದಂತೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೇ ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡು ಅಡುಗೆಮನೆ ಸಿಂಕಿನಲ್ಲಿ ಉಜ್ಜಲು ನಿಂತೆ. ಕೊಳೆ ಕಪ್ಪಗೆ ಇಳಿದು ಹೋದಂತೆ ರಬ್ಬರು ಕೈಗೆ ಅಂಟತೊಡಗಿತು. ಹಿಂದೆ ಯಾರೋ ನಿಂತಂತಾಯಿತು. ತಾಯಿ, ಮಗಳು ಇಬ್ಬರೂ.

"ಅಮ್ಮಾ, ನೋಡ್ಕೋ. ಈ ಸಿಂಕಿನ ಮುಂದೆ ಇವರು ನಿಂತಿದ್ದನ್ನ ನಾನು ನೋಡಿದ್ದು ಇದೇ ಮೊದಲು."

"ಲೋಟ ಇದ್ರೆ ಅದನ್ನೂ ಹಾಕ್ಬಿಡೇ" ಎಂದರು ಅತ್ತೆ.

ಇಷ್ಟೆಲ್ಲ ಆದಮೇಲೆ ಆಗಬಾರದ್ದು ಆಯಿತು. ಕೈ ನೋವು ಹೋಯಿತು. ಬೆಳಿಗ್ಗೆ ಮುಷ್ಟಿ ಸಲೀಸಾಗಿ ಕಟ್ಟಿತು, ಬಿಚ್ಚಿತು. ಹಾಸಿಗೆಯ ಮೇಲೆ ಕೂತು ಹೊದಿಕೆಯೊಳಗೇ ಎರಡೆರಡು ಸಲ ಪರೀಕ್ಷಿಸಿ ನೋಡಿಕೊಂಡೆ, ಸಂದೇಹವೇ ಇರಲಿಲ್ಲ. ಸರಿಯಾದ ಹಿಡಿತದ ಲಾಭಗಳನ್ನು ಬರೆದಿಟ್ಟ ಮಹನೀಯರಾರೂ ಅದು ಮನೆಯೊಳಗೆ ಮಾಡುವ ನಷ್ಟದ ಬಗ್ಗೆ ಒಂದು ಸಾಲೂ ಬರೆದಿಲ್ಲ. ಭಾನುವಾರ ಎದುರಿಗೇ ಇತ್ತು. ನಾನು ಬ್ಯಾಂಡೇಜನ್ನು ಹೊಸದಾಗಿ ಸುತ್ತಿಕೊಂಡು, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದೆ.

ಹೆಂಡತಿ ಅನುಮಾನ ಪಟ್ಟಳೆಂದು ಹೇಳಲಾರೆ. "ಇಷ್ಟು ದಿನ ಆದ್ರೂ ಹೋಗ್ಲಿಲ್ಲ ಅಂದ್ರೆ ಏನೋ ಒಳಗಿನದ್ದೇ ಇರ್ಬೇಕು, ನಡೀರಿ" ಎಂದು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವಳ ಮುಖದಲ್ಲಿದ್ದದ್ದು ಕಾಳಜಿಯೇ. ನನಗೆ ಅದೇ ಭಯ.

ಡಾಕ್ಟರು ನಿಧಾನದ ಮನುಷ್ಯ. ಅಂಗೈ ಬುಡವನ್ನು ಒತ್ತಿ ನೋಡಿದರು. ಅಲ್ಲಿ ಹ್ಯಾಮೇಟ್ ಎಂಬ ಪುಟ್ಟ ಮೂಳೆಯಿದೆಯಂತೆ, ಅದಕ್ಕೊಂದು ಕೊಕ್ಕೆ. ಕ್ಲಬ್ಬು ನೆಲಕ್ಕೆ ಬಡಿದಾಗ ಹಿಡಿಯ ತುದಿ ಅದಕ್ಕೇ ಗುದ್ದಿ ಕೊಕ್ಕೆ ಮುರಿಯುವುದುಂಟು, ಸಾಮಾನ್ಯ ಎಕ್ಸ್‌ರೇಯಲ್ಲಿ ಅದು ಕಣ್ತಪ್ಪುವುದೂ ಉಂಟು. ಆದ್ದರಿಂದ ಕೈಯನ್ನು ಓರೆ ಮಾಡಿಸಿ ಬೇರೆ ಕೋನದ ಚಿತ್ರ ತೆಗೆಸಿದರು. ಕೊಕ್ಕೆ ಗಟ್ಟಿಯಾಗಿತ್ತು. ಮೊಣಕೈಯ ಒಳಬದಿ ಒತ್ತಿದರು, ಗಾಲ್ಫರ್ಸ್ ಎಲ್ಬೋ ಕಾಣಿಸಿಕೊಳ್ಳುವ ಜಾಗ. ನಾನು "ಹಾ" ಎಂದೆ. ಹೊರಬದಿ ಒತ್ತಿದರು. ಅಲ್ಲೂ "ಹಾ" ಎಂದೆ. ಎರಡೂ ಕಡೆ ಅದೇ ಶ್ರುತಿ ಬಂದದ್ದು ಅವರಿಗೆ ಹಿಡಿಸಿದಂತೆ ಕಾಣಲಿಲ್ಲ.

"ಕೊನೇದೊಂದು. ಹೆಬ್ಬೆರಳನ್ನ ಒಳಗಿಟ್ಟು ಮುಷ್ಟಿ ಕಟ್ಟಿ. ಈಗ ಮಣಿಕಟ್ಟನ್ನ ಕಿರುಬೆರಳ ಕಡೆ ಬಗ್ಗಿಸಿ." ಹೆಬ್ಬೆರಳ ಸ್ನಾಯುರಜ್ಜು ಊದಿಕೊಂಡಿದ್ದರೆ ಈ ಪರೀಕ್ಷೆಯಲ್ಲಿ ಪ್ರಾಣ ಹೋದಂತಾಗುತ್ತದಂತೆ. 1895ರಲ್ಲಿ ಸ್ವಿಟ್ಜರ್ಲೆಂಡಿನ ಡಿ ಕ್ವರ್ವೇನ್ ಎಂಬ ಶಸ್ತ್ರವೈದ್ಯ ಈ ಕಾಯಿಲೆಯನ್ನು ವಿವರಿಸಿದ್ದರಿಂದ ಅದಕ್ಕೆ ಅವನದೇ ಹೆಸರು. ನಾನು ಯಾವ ಮಟ್ಟದ ಮುಖ ಮಾಡಬೇಕೆಂದು ಯೋಚಿಸುತ್ತಿರುವಾಗ, ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ "ಇದರಲ್ಲೇನಿದೆ, ಹೀಗೆ ತಾನೇ?" ಎಂದು ತನ್ನ ಬಲಗೈಯನ್ನು ಹಾಗೆಯೇ ಬಗ್ಗಿಸಿದಳು.

ಅವಳು ಕೂಗಿದ ಕೂಗಿಗೆ ಹೊರಗೆ ಕೂತಿದ್ದವರ ಟೋಕನ್ ಕರೆಯುತ್ತಿದ್ದ ಹುಡುಗಿ ಓಡಿಬಂದಳು.

ಡಾಕ್ಟರು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. ಮತ್ತೆ ನನ್ನ ಕಡೆ ತಿರುಗಿಸಲೇ ಇಲ್ಲ.

"ಎಷ್ಟು ದಿನದಿಂದ ಅಮ್ಮಾ?"

"ಅದೇನ್ ಬಿಡಿ ಡಾಕ್ಟ್ರೇ, ಮೊಮ್ಮಗು ಬಂದುಹೋದಾಗಿನಿಂದ. ಕೆಲಸ ಮಾಡ್ತಾ ಮಾಡ್ತಾ ಹೋಗತ್ತೆ ಅಂದ್ಕೊಂಡೆ."

ಕಂಕುಳಿಗೆ ಕೈ ಕೊಟ್ಟು ಮಗು ಎತ್ತುವುದು, ಬಟ್ಟೆ ಹಿಂಡುವುದು, ಕಾಯಿ ತುರಿಯುವುದು, ಹೆಬ್ಬೆರಳು ಊರಿ ಮಣಿಕಟ್ಟು ತಿರುಗಿಸುವ ಯಾವ ಕೆಲಸವನ್ನೂ ಕೆಲವು ವಾರ ಮಾಡಕೂಡದೆಂದು ಚೀಟಿಯಲ್ಲಿ ಬರೆದು, ಹೆಬ್ಬೆರಳನ್ನು ಅಲುಗದಂತೆ ಹಿಡಿಯುವ ಪಟ್ಟಿ ಕೊಟ್ಟರು. ಔಷಧದಂಗಡಿಯಲ್ಲಿ ಅದಕ್ಕೆ ಅವರು ಹೇಳಿದ ದುಡ್ಡನ್ನು ನಾನು ತಕರಾರಿಲ್ಲದೆ ಕೊಟ್ಟೆ. ಹೆಂಡತಿ ನನ್ನನ್ನು ವಿಚಿತ್ರವಾಗಿ ನೋಡಿದಳು. ಆಟೋದಲ್ಲಿ ಕೂತ ಮೇಲೆ ಎಡಗೈಯಿಂದ ನನ್ನ ಬ್ಯಾಂಡೇಜಿನ ಪಿನ್ನು ತೆಗೆದು, ಸುರುಳಿ ಸುತ್ತಿ, ಪರ್ಸಿನೊಳಗೆ ಹಾಕಿಕೊಂಡಳು. ಏನೂ ಹೇಳಲಿಲ್ಲ.

ಭಾನುವಾರ ಈಳಿಗೆಮಣೆ ನನ್ನ ಮುಂದಿತ್ತು. ಒಂದು ಹೋಳು ತುರಿಯುವಷ್ಟರಲ್ಲಿ ಬೆನ್ನು ಹಿಡಿಯಿತು, ಆದರೆ ಬೆನ್ನು ನಮ್ಮ ಮನೆಯಲ್ಲಿ ಚಲಾವಣೆಯಲ್ಲಿರುವ ನಾಣ್ಯವಲ್ಲ. ಕೈಯೇ ಆಗಬೇಕು. ಹೊಸ ಹಿಡಿತದಿಂದಲೂ ಕೆಲವರಿಗೆ ನೋವು ತಿರುಗಿ ಬರುತ್ತದೆ ಎಂದು ಬಲ್ಲವರ ಬಾಯಲ್ಲಿ ಹೇಳಿಸಿದರೆ ಅನುಕೂಲವಾದೀತೆಂದು ಕೋಚಿಗೆ ಫೋನ್ ಮಾಡಿದೆ. ಎರಡೂ ಕೈ ಕಾಯಿ ತುರಿಯಾಗಿದ್ದರಿಂದ ಮೊಣಕೈಯಲ್ಲೇ ಸ್ಪೀಕರ್ ಒತ್ತಿ, ಫೋನನ್ನು ನೆಲದ ಮೇಲಿಟ್ಟಿದ್ದೆ.

"ಚಾನ್ಸೇ ಇಲ್ಲ ಸಾರ್" ಎಂದಿತು ಫೋನು, ಅಡುಗೆಮನೆಗೆಲ್ಲ ಕೇಳುವಂತೆ. "ನಿಮ್ಮ ಗ್ರಿಪ್ಪು ಈಗ ಫಸ್ಟ್ ಕ್ಲಾಸ್. ಹೋದ ವಾರಾನೇ ನೀವೇ ಹೇಳಿದ್ರಲ್ಲ ಸಾರ್, ನೋವು ಪೂರ್ತಿ ಹೋಯ್ತು ಅಂತ!"

ಅತ್ತೆಯವರು ಇನ್ನೊಂದು ಕಾಯಿ ಒಡೆದು, ಎರಡೂ ಹೋಳನ್ನು ನನ್ನ ಪಕ್ಕಕ್ಕೆ ಸರಿಸಿದರು. "ಹೋಳಿಗೆ ಮಾಡೋಣ ಅಂತಿದೀನಿ" ಎಂದರು.